ಚಲಾವಣೆ ತಪ್ಪಿದ ಮೇಲೆ
(ಬಾನುಲಿ ಭಾಷಣ)

ಹಣವನ್ನು ಕೂಡಿಡುವವರು ಬೇರೆ, ನಾಣ್ಯವನ್ನು ಕೂಡಿಡುವವರು ಬೇರೆ. ಮೊದಲನೆಯವರಿಗೆ ಹತ್ತು ರೂಪಾಯಿ ಎಂದರೆ ಹತ್ತು ರೂಪಾಯಿಯೇ. ಅದು ಯಾವ ಇಸವಿಯದು, ಯಾವ ಟಂಕಸಾಲೆಯದು ಎಂಬ ವಿಚಾರ ಅವರಿಗೆ ಬೇಕಿಲ್ಲ. ಎರಡನೆಯವರಿಗೆ ಬೇಕಾದದ್ದು ಅದೇ. ಅಂಗಡಿಯಾತ ಕೊಟ್ಟ ಚಿಲ್ಲರೆಯನ್ನು ಎಣಿಸಿಕೊಳ್ಳದೆ, ಒಂದೊಂದನ್ನೇ ತಿರುಗಿಸಿ ನೋಡುತ್ತ ನಿಂತಿರುವ ವ್ಯಕ್ತಿಯನ್ನು ಗಾಂಧಿಬಜಾರಿನಲ್ಲೋ ಮಲ್ಲೇಶ್ವರದ ಎಂಟನೆಯ ಅಡ್ಡರಸ್ತೆಯಲ್ಲೋ ನೀವು ಕಂಡಿದ್ದರೆ, ದಯವಿಟ್ಟು ಆತನನ್ನು ಜಿಪುಣನೆಂದು ತಿಳಿಯಬೇಡಿ. ಇಸವಿಯ ಕೆಳಗೆ ವಜ್ರಾಕೃತಿಯ ಗುರುತಿದ್ದರೆ ನಾಣ್ಯ ಮುಂಬಯಿಯದು, ನಕ್ಷತ್ರವಿದ್ದರೆ ಹೈದರಾಬಾದಿನದು, ಚುಕ್ಕಿಯಿದ್ದರೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕಲ್ಕತ್ತೆಯದು. ಆತ ಹುಡುಕುತ್ತಿರುವುದು ಈ ಗುರುತನ್ನು. ಈ ಹವ್ಯಾಸಕ್ಕೆ ಪ್ರವೇಶಶುಲ್ಕ ಇಷ್ಟೇ: ಜೇಬಿನಲ್ಲಿರುವ ಚಿಲ್ಲರೆ, ಮತ್ತು ಅದನ್ನು ನೋಡುವಷ್ಟು ಬಿಡುವು.

ಚಲಾವಣೆಯಲ್ಲಿರುವಷ್ಟು ದಿನ ನಾಣ್ಯವನ್ನು ಯಾರೂ ನೋಡುವುದಿಲ್ಲ, ಎಣಿಸುತ್ತಾರೆ. ಅದು ಚಲಾವಣೆ ತಪ್ಪಿದ ದಿನ ಅದರ ಮೇಲೆ ಏನಿದೆ ಎಂಬುದು ಕಣ್ಣಿಗೆ ಬೀಳುತ್ತದೆ. ೧೯೫೭ನೆಯ ಏಪ್ರಿಲ್ ೧ರಂದು ನಮ್ಮಲ್ಲಿ ದಶಮಾಂಶ ಪದ್ಧತಿ ಬಂದಿತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ಲೆಕ್ಕ ಕ್ರಮೇಣ ಮಗ್ಗಿಯ ಪುಸ್ತಕದಿಂದಲೂ ಮರೆಯಾಯಿತು. ಹೊಸ ನಾಣ್ಯಕ್ಕೆ 'ನಯಾ ಪೈಸೆ' ಎಂದು ಹೆಸರಿಟ್ಟರು. ೧೯೬೪ರಲ್ಲಿ 'ನಯಾ' ಎಂಬುದನ್ನು ಕೈಬಿಟ್ಟರು. ೨೦೧೧ನೆಯ ಜೂನ್ ೩೦ಕ್ಕೆ ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕಡಮೆಯವೆಲ್ಲ ಚಲಾವಣೆಯಿಂದ ಹೊರಟುಹೋದವು. ಮರುದಿನದಿಂದಲೇ ನಾಲ್ಕಾಣೆ ಎಂದು ನಾವು ಹಟದಿಂದ ಕರೆಯುತ್ತಿದ್ದ ಆ ಬಿಲ್ಲೆ ಸಂಗ್ರಾಹಕನ ಪೆಟ್ಟಿಗೆಗೆ ಅರ್ಹವಾಯಿತು.

ಈ ಹವ್ಯಾಸದಲ್ಲಿ ಕೂಡಿಬರುವ ವಸ್ತುಗಳು ಮೂರು ಬಗೆ. ನಾಣ್ಯಕ್ಕೆ ರಾಜ್ಯದ ಮಾತಿನ ಬೆಂಬಲವುಂಟು. ರಾಜ್ಯದ ಎಲ್ಲೆಯೊಳಗೆ ಅದನ್ನು ಯಾರೂ ನಿರಾಕರಿಸುವಂತಿಲ್ಲ. ಬಿಲ್ಲೆ, ಅಂದರೆ ನಾವು ಟೋಕನ್ ಎನ್ನುವುದು, ಕೊಟ್ಟವನ ಬಾಗಿಲಲ್ಲಿ ಮಾತ್ರ ನಡೆಯುತ್ತದೆ. ಪದಕ ಎಲ್ಲಿಯೂ ನಡೆಯುವುದಿಲ್ಲ; ನೆನಪಿಗೆಂದು ಮಾತ್ರ ಅದು ಹುಟ್ಟಿದ್ದು. ಈ ಗಡಿಗಳನ್ನು ಕಲಸಿದರೆ ಏನಾಗುತ್ತದೆಂದು ತಿಳಿಯಬೇಕಾದರೆ ಮಹಮದ್ ಬಿನ್ ತುಘಲಕನನ್ನು ನೆನೆಯಬೇಕು. ೧೩೩೦ರ ಸುಮಾರಿನಲ್ಲಿ ಆತ ತಾಮ್ರ ಹಿತ್ತಾಳೆಗಳ ಬಿಲ್ಲೆಯನ್ನು ಬೆಳ್ಳಿಯ ಟಂಕದ ಬೆಲೆಗೆ ಓಡಿಸಲು ಹೋದ, ಮನೆಮನೆಯೂ ಟಂಕಸಾಲೆಯಾಯಿತು, ಕೊನೆಗೆ ಬೊಕ್ಕಸದಿಂದ ಬೆಳ್ಳಿಬಂಗಾರ ಕೊಟ್ಟು ಹಿತ್ತಾಳೆಯ ರಾಶಿಯನ್ನು ಹಿಂದಕ್ಕೆ ಪಡೆಯಬೇಕಾಯಿತು.

ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನಂಥವನಿಗೆ ಈ ಪೆಟ್ಟಿಗೆಯಲ್ಲಿ ಏನು ಕೆಲಸವೆಂದು ಕೇಳುವವರಿದ್ದಾರೆ. ನನಗೆ ನಾಣ್ಯದ ರುಚಿ ಹತ್ತಿದ್ದು ಲೋಹದಿಂದಲ್ಲ, ಮಾತಿನಿಂದ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತೆಂದು ತರಗತಿಯಲ್ಲಿ ಸೂತ್ರ ಹೇಳುತ್ತೇವಷ್ಟೆ. ಅದಕ್ಕೆ ಉದಾಹರಣೆಗಳು ಬೇಕಾದರೆ ಚಿನಿವಾರನ ಹಲಗೆಯ ಮೇಲೆಯೇ ಸಾಲಾಗಿ ಸಿಗುತ್ತವೆ: ಪೊನ್ ಹೊನ್ನಾಯಿತು, ಪಣ ಹಣವಾಯಿತು, ಪಾಗ ಹಾಗವಾಯಿತು. ಹಾಗವೆಂದರೆ ಹಣದ ಕಾಲು ಭಾಗ, ವೀಸವೆಂದರೆ ಹದಿನಾರನೆಯ ಒಂದು ಭಾಗ. ನಮ್ಮ ಶಾಸನಗಳಲ್ಲಿ ದೇವಸ್ಥಾನದ ನಂದಾದೀಪಕ್ಕೂ ಊರ ಕೆರೆಗೂ ಬಿಟ್ಟ ದತ್ತಿಯ ಲೆಕ್ಕ ಗದ್ಯಾಣ, ಪಣ, ಹಾಗ, ವೀಸಗಳಲ್ಲೇ ಇರುತ್ತದೆ. ಇವು ತಿಳಿಯದಿದ್ದರೆ ಕಿಟ್ಟೆಲರ ೧೮೯೪ರ ನಿಘಂಟನ್ನು ತೆರೆದು ನೋಡಬಹುದು. ಈಗ ಹಾಗವೂ ಇಲ್ಲ, ವೀಸವೂ ಇಲ್ಲ. ಆದರೆ 'ವೀಸದಷ್ಟೂ ಇಲ್ಲ', 'ಕವಡೆ ಕಾಸಿನ ಕಿಮ್ಮತ್ತಿಲ್ಲ' ಎನ್ನುವಾಗ ನಮ್ಮ ನಾಲಗೆ ಆ ಹಳೆಯ ಚಿಲ್ಲರೆಯನ್ನೇ ಎಣಿಸುತ್ತಿರುತ್ತದೆ.

ಕಾಸು ಎಂಬ ಮಾತಿನ ಪ್ರಯಾಣವಂತೂ ಇನ್ನೂ ಸ್ವಾರಸ್ಯದ್ದು. ದಕ್ಷಿಣದ ಈ ಪದವನ್ನು ಪೋರ್ಚುಗೀಸರು ಎತ್ತಿಕೊಂಡರು, ಅವರ ಬಾಯಿಂದ ಇಂಗ್ಲಿಷರು ತೆಗೆದುಕೊಂಡು 'ಕ್ಯಾಷ್' ಎಂದರು. (ಹಣದ ಪೆಟ್ಟಿಗೆ, ರೊಕ್ಕ ಎಂಬ ಅರ್ಥದ ಅವರ ಇನ್ನೊಂದು ಕ್ಯಾಷ್ ಬೇರೆ ಮೂಲದ್ದು, ಎರಡೂ ಒಂದರೊಳಗೊಂದು ಸೇರಿಹೋಗಿವೆ.) ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯವೊಂದನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಬದಿ ಆನೆ, ಇಲ್ಲವೆ ಸಿಂಹ. ಸಿಂಹವಿದ್ದಲ್ಲಿ ಶ್ರೀ ಚಾಮುಂಡಿ ಎಂಬ ಬರಹ. ಇನ್ನೊಂದು ಬದಿಯಲ್ಲಿ ಕನ್ನಡದಲ್ಲಿ 'ಮಯಿಲಿ ಕಾಸು ೨೦' ಎಂದು, ಇಂಗ್ಲಿಷ್ ಅಕ್ಷರಗಳಲ್ಲಿ ಇಪ್ಪತ್ತು ಕ್ಯಾಷ್ ಎಂದು. ಕೆಲವುದರಲ್ಲಿ ಪಾರಸಿಯೂ ಇದೆ. ತವರಿನಲ್ಲಿ ಉಳಿದ ಕಾಸು ಮತ್ತು ಪರದೇಶ ಸುತ್ತಿ ವೇಷ ಬದಲಿಸಿ ಬಂದ ಕಾಸು ಒಂದೇ ತಾಮ್ರದ ತುಂಡಿನ ಮೇಲೆ ಎದುರುಬದುರು ಕುಳಿತಿವೆ. ಭಾಷಾವಿಜ್ಞಾನದ ಇಂಥ ಪಾಠ ಯಾವ ಪಠ್ಯಪುಸ್ತಕದಲ್ಲಿಯೂ ಇಷ್ಟು ಸಣ್ಣ ಜಾಗದಲ್ಲಿ ಮುದ್ರಣವಾಗಿಲ್ಲ. ೧೮೪೩ರ ನಂತರ ಮೈಸೂರು ಸಂಸ್ಥಾನದ ಸ್ವಂತ ನಾಣ್ಯ ಅಚ್ಚಾಗಲಿಲ್ಲ. ಹಾಗಾಗಿ ಈ ಕಾಸುಗಳು ಆ ಪರಂಪರೆಯ ಕೊನೆಯ ಕೊಂಡಿ.

ನಾಣ್ಯ ಎಂದರೆ ಅತ್ಯಂತ ಸಣ್ಣ ಶಾಸನ ಎಂದು ನಾನು ಭಾವಿಸುತ್ತೇನೆ. ಹೊಯ್ಸಳ ವಿಷ್ಣುವರ್ಧನ ಸುಮಾರು ೧೧೧೬ರಲ್ಲಿ ಚೋಳರಿಂದ ತಲಕಾಡನ್ನು ಗೆದ್ದ. ಆ ವಿಜಯವನ್ನು ಹೊಗಳುವ ಕಲ್ಲಿನ ಶಾಸನಗಳಿಗೆ ಕೊರತೆಯಿಲ್ಲ. ವೃತ್ತ ಕಂದಗಳಲ್ಲಿ, ವಿಶೇಷಣಗಳ ಮಾಲೆಯಲ್ಲಿ ಅವು ಹರಿಯುತ್ತವೆ. ಆದರೆ ಅವನ ಚಿನ್ನದ ನಾಣ್ಯದ ಮೇಲೆ, ಮೂರು ಸಾಲುಗಳಲ್ಲಿ, ಅಂದಿನ ಕನ್ನಡ ಲಿಪಿಯಲ್ಲಿ ಇರುವುದು ಇಷ್ಟೆ: 'ಶ್ರೀ ತಳಕಾಡುಗೊಂಡ'. ಇನ್ನೊಂದು ಬಗೆಯಲ್ಲಿ 'ಶ್ರೀ ನೊಳಂಬವಾಡಿಗೊಂಡ'. ಅರಸನ ಹೆಸರೂ ಇಲ್ಲ! ತಲಕಾಡನ್ನು ಕೊಂಡವನು, ಅಂದರೆ ಗೆದ್ದವನು, ಯಾರೆಂದು ನಾಡಿಗೆಲ್ಲ ತಿಳಿದಿದೆ ಎಂಬ ಭರವಸೆ ಅದರಲ್ಲಿದೆ. ಸುಮಾರು ನಾಲ್ಕು ಗ್ರಾಂ ಚಿನ್ನದ ಮೇಲೆ ಒಂದು ಸಮಾಸ, ಅಷ್ಟರಲ್ಲಿ ಒಂದು ಯುದ್ಧದ ಚರಿತ್ರೆ. ನಮ್ಮ ಕವಿಗಳು ಇದನ್ನು ಇನ್ನಷ್ಟು ಗಮನಿಸಿದ್ದರೆ ಒಳ್ಳೆಯದಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಇದಕ್ಕಿಂತಲೂ ಚಿಕ್ಕದು ಕಂಠೀರಾಯ ಹಣ. ೧೬೩೮ರಿಂದ ೧೬೫೯ರವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರು ಅಚ್ಚು ಹಾಕಿಸಿದ ಚಿನ್ನದ ಹಣವಿದು. ಕಡಲೆಬೇಳೆಗಿಂತ ದೊಡ್ಡದಲ್ಲ, ತೂಕ ಗ್ರಾಮಿನ ಮೂರನೆಯ ಒಂದು ಭಾಗದಷ್ಟು. ಅಷ್ಟರಲ್ಲೇ ಒಂದು ಕಡೆ ನರಸಿಂಹಮೂರ್ತಿ, ಇನ್ನೊಂದು ಕಡೆ ನಾಗರಿಯಲ್ಲಿ ಅರಸರ ಹೆಸರು. ಇಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯ ವರಹ. ತಮಾಷೆಯೆಂದರೆ ಆ ವರಹವನ್ನು ಯಾರೂ ಕಂಡಿಲ್ಲ, ಏಕೆಂದರೆ ಅದು ಲೆಕ್ಕದಲ್ಲಿ ಮಾತ್ರ ಇತ್ತು, ಅಚ್ಚಾಗಲೇ ಇಲ್ಲ. ಗಾಳಿಗೆ ಹಾರಿಹೋಗುವಂಥ ಈ ಹಣಗಳನ್ನು ಎಣಿಸುವುದು ಹೇಗೆ? ತಿರುವಾಂಕೂರಿನ ಕಡೆ ಇಂಥದೇ ಸಣ್ಣ ನಾಣ್ಯಗಳಿಗಾಗಿ ಸಾಲುಸಾಲು ಗುಳಿಗಳಿದ್ದ ಮರದ ಹಲಗೆಯನ್ನು ಬಳಸುತ್ತಿದ್ದರು: ಹಿಡಿ ತುಂಬ ಸುರಿದು ಅಲುಗಾಡಿಸಿದರೆ ಗುಳಿಗೊಂದು ಕೂರುತ್ತದೆ, ಮಿಕ್ಕದ್ದು ಜಾರುತ್ತದೆ, ಎಣಿಸುವ ಶ್ರಮವಿಲ್ಲ.

ಅರಸರು ಬದಲಾದರೂ ನಾಣ್ಯದ ಮುಖ ಒಮ್ಮೊಮ್ಮೆ ಬದಲಾಗುವುದಿಲ್ಲ. ಕೆಳದಿಯ ನಾಯಕರ ವರಹದ ಮೇಲೆ ಶಿವಪಾರ್ವತಿಯರಿದ್ದರು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಆ ದಂಪತಿಗಳನ್ನು ಕದಲಿಸಲಿಲ್ಲ. ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವೊಂದನ್ನು ಇರಿಸಿ ಸುಮ್ಮನಾದ. ೧೭೯೯ರ ಬಳಿಕ ಮುಮ್ಮಡಿಯವರ ವರಹದಲ್ಲಿ ಅದೇ ಶಿವಪಾರ್ವತಿಯರು ಮುಂದುವರಿದರು. ಸಂತೆಯಲ್ಲಿ ಕೊಡುವ ಕೊಳ್ಳುವ ಕೈಗಳಿಗೆ ಪರಿಚಿತವಾದ ಮುಖವೇ ನಂಬಿಕೆ. ಗೆದ್ದವನಾದರೂ ಅದಕ್ಕೆ ತಲೆಬಾಗಬೇಕು.

ಟಿಪ್ಪುವಿನ ರೀತಿ ಬೇರೆ. ಹಳೆಯದನ್ನು ಉಳಿಸಿಕೊಳ್ಳುವುದಕ್ಕಿಂತ ಹೊಸದನ್ನು ಹೆಸರಿಸುವುದರಲ್ಲಿ ಅವನಿಗೆ ಆಸೆ ಹೆಚ್ಚು. ಅವನ ತಾಮ್ರದ ಪೈಸೆಗೆ ಜೊಹ್ರಾ ಎಂದು ಹೆಸರು, ಅಂದರೆ ಶುಕ್ರಗ್ರಹ. ಅರ್ಧ ಪೈಸೆ ಬಹ್ರಾಮ್, ಅದು ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅದರರ್ಧ ಕುತ್ಬ್, ಧ್ರುವ. ಜೋಡಿ ಪೈಸೆ ಮೊದಲು ಉಸ್ಮಾನಿ, ಆಮೇಲೆ ಮುಷ್ತರಿ, ಎಂದರೆ ಗುರು. ತರಕಾರಿ ಕೊಳ್ಳಲು ಹೋದವನ ಸೊಂಟದ ಚೀಲದಲ್ಲಿ ಆಕಾಶಮಂಡಲವೇ ಝಣಝಣಿಸುತ್ತಿತ್ತೆನ್ನಬಹುದು. ಈ ತಾಮ್ರದ ನಾಣ್ಯಗಳ ಮೇಲೆಲ್ಲ ಆನೆ. ಎಡಕ್ಕೆ ಮುಖ ಮಾಡಿದ ಆನೆ, ಬಲಕ್ಕೆ ಮುಖ ಮಾಡಿದ ಆನೆ, ಸೊಂಡಿಲೆತ್ತಿದ ಆನೆ, ಇಳಿಬಿಟ್ಟ ಆನೆ. ಶ್ರೀರಂಗಪಟ್ಟಣ, ನಗರ, ಚಿತ್ರದುರ್ಗ, ಬೆಂಗಳೂರು ಮುಂತಾದ ಟಂಕಸಾಲೆಗಳು. ಒಬ್ಬ ಸಂಗ್ರಾಹಕ ಬೇರೇನನ್ನೂ ಮುಟ್ಟದೆ ಬರಿಯ ಈ ಆನೆಗಳ ಹಿಂದೆಯೇ ಜೀವಮಾನ ಕಳೆಯಬಹುದು. ಹೊಸಬರು ಎಡವುವುದು ಇಸವಿಯಲ್ಲಿ. ೧೭೮೭ರಲ್ಲಿ ಟಿಪ್ಪು ಮೌಲೂದಿ ಎಂಬ ಹೊಸ ಶಕೆಯನ್ನು ತಂದಾಗ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸತೊಡಗಿದ. ೧೨೧೫ ಎಂಬುದು ನಮ್ಮ ಕಣ್ಣಿಗೆ ೫೧೨೧ ಎಂದು ಕಾಣುತ್ತದೆ. ಇವನ್ನೆಲ್ಲ ಬಿಡಿಸಿ ಹೇಳುವ ಹೆಂಡರ್ಸನ್ ಅವರ ಪುಸ್ತಕ ೧೯೨೧ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ನಮ್ಮ ನಾಡಿನ ಇಡಿಯ ನಾಣ್ಯಪರಂಪರೆಗೆ ಎ. ವಿ. ನರಸಿಂಹಮೂರ್ತಿಯವರ ೧೯೭೫ರ ಇಂಗ್ಲಿಷ್ ಗ್ರಂಥ ಕೈದೀಪವಾಗಿದೆ.

ಟಿಪ್ಪುವಿನ ಆನೆಯ ಪಕ್ಕದಲ್ಲಿಟ್ಟು ನೋಡಬೇಕಾದ ಒಂದು ಪದಕವುಂಟು. ೧೭೯೯ನೆಯ ಮೇ ೪ರಂದು ಶ್ರೀರಂಗಪಟ್ಟಣ ಬಿದ್ದಿತು. ಆ ವಿಜಯದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಬರ್ಮಿಂಗ್‌ಹ್ಯಾಮಿನಲ್ಲಿದ್ದ ಮ್ಯಾಥ್ಯೂ ಬೋಲ್ಟನ್ನನ ಸೋಹೊ ಟಂಕಸಾಲೆಯಲ್ಲಿ ಪದಕ ಮಾಡಿಸಿತು; ಅಚ್ಚು ಕೊರೆದವನು ಕುಕ್ಲರ್ ಎಂಬ ಕಲಾವಿದ. ಹಂಚುವ ವೇಳೆಗೆ ೧೮೦೮ ಬಂದಿತ್ತು. ಪದಕದ ಅಳತೆ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ: ಮೇಲಿನವರಿಗೆ ಚಿನ್ನ, ಅವರ ಕೆಳಗಿನವರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲೆ ಬೆಳ್ಳಿ, ಆಮೇಲೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಒಂದು ಮುಖದಲ್ಲಿ ಕೋಟೆಗೆ ಲಗ್ಗೆ ಹಾಕುವ ದೃಶ್ಯ. ಇನ್ನೊಂದರಲ್ಲಿ ಬ್ರಿಟಿಷ್ ಸಿಂಹ ಮೈಸೂರಿನ ಹುಲಿಯನ್ನು ಕೆಡವಿ ಮೆಟ್ಟಿ ನಿಂತಿದೆ. ಅಲ್ಲಿರುವ ಬಾವುಟದ ಮೇಲೆ ಅರಬ್ಬಿಯಲ್ಲಿ ಒಂದು ಬರಹ: ಅಸದುಲ್ಲಾಹಿಲ್ ಗಾಲಿಬ್, ದೇವರ ಜಯಶಾಲಿಯಾದ ಸಿಂಹ ಎಂದು ಅರ್ಥ. ಈ ಮಾತು ಟಿಪ್ಪುವಿಗೆ ಪ್ರಿಯವಾದದ್ದು. ಹುಲಿಯ ಮೋರೆಯ ಆಕಾರದಲ್ಲಿ ಅದನ್ನು ಬರೆಸಿ ತನ್ನ ಲಾಂಛನ ಮಾಡಿಕೊಂಡಿದ್ದ. ಗೆದ್ದವರು ಕೋಟೆಯನ್ನು ಮಾತ್ರವಲ್ಲ, ಸೋತವನ ಮಾತನ್ನೂ ಕಿತ್ತುಕೊಂಡು ತಮ್ಮ ಸಿಂಹದ ಬಾಯಲ್ಲಿಟ್ಟರು. ಅವನ ಆಳ್ವಿಕೆಯ ಬಗೆಗೆ ನಮ್ಮಲ್ಲಿ ನಡೆಯುವ ವಾದವಿವಾದ ಏನೇ ಇರಲಿ, ಸಂಗ್ರಾಹಕ ಅದರಲ್ಲಿ ಯಾವ ಪಕ್ಷ ಹಿಡಿದರೂ ಆಗುತ್ತದೆ. ಆದರೆ ನಾಣ್ಯವನ್ನು ಬಿಟ್ಟು ಪದಕವನ್ನು, ಪದಕವನ್ನು ಬಿಟ್ಟು ನಾಣ್ಯವನ್ನು ಓದಲಾಗದು.

ಇಷ್ಟೆಲ್ಲ ಉಳಿದುಬಂದದ್ದು ಹೇಗೆ ಎಂದರೆ, ಬಹುಪಾಲು ಉಳಿಯಲಿಲ್ಲ ಎಂದೇ ಉತ್ತರ ಹೇಳಬೇಕು. ಚಿನ್ನ ಬೆಳ್ಳಿಯ ನಾಣ್ಯಕ್ಕೆ ಮೊದಲ ಶತ್ರು ಮೂಸೆ. ಹೊಸ ಅರಸ ಹಳೆಯ ಅರಸನ ಚಿನ್ನವನ್ನು ಕರಗಿಸುತ್ತಾನೆ. ಮಗಳ ಮದುವೆಗೆಂದು ಅಜ್ಜಿಯ ಗಂಟಿನ ವರಹವನ್ನು ಅಕ್ಕಸಾಲಿ ಕರಗಿಸುತ್ತಾನೆ. ನಾಣ್ಯವನ್ನು ನಾಣ್ಯವಾಗಿಯೇ ಉಳಿಸಿದ ಒಡವೆಯೆಂದರೆ ಕಾಸಿನ ಸರ. ಅದರಲ್ಲಿ ಪೋಣಿಸಿದ ಸವರನ್ನುಗಳಲ್ಲಿ ವಿಕ್ಟೋರಿಯಾ ರಾಣಿಯ ತಾರುಣ್ಯದಿಂದ ಮುಪ್ಪಿನವರೆಗಿನ ಮುಖಗಳನ್ನು ಕಾಣಬಹುದು. ಕೊಂಡಿ ಬೆಸೆದ ನಾಣ್ಯಕ್ಕೆ ಪೇಟೆಯಲ್ಲಿ ಬೆಲೆ ಕಡಮೆ ಎಂದು ವ್ಯಾಪಾರಿಗಳು ಮೂಗು ಮುರಿಯುತ್ತಾರೆ. ನನಗೇನೋ ಆ ಕೊಂಡಿಯೂ ಚರಿತ್ರೆಯೆಂದೇ ತೋರುತ್ತದೆ.

ಎರಡನೆಯ ಶತ್ರು ಹುಣಸೆಹಣ್ಣು. ಇದನ್ನು ನಗಿಸಲೆಂದು ಹೇಳುತ್ತಿಲ್ಲ. ವರಮಹಾಲಕ್ಷ್ಮಿಯ ಹಬ್ಬಕ್ಕೋ ದೀಪಾವಳಿಯ ಲಕ್ಷ್ಮೀಪೂಜೆಗೋ ದೇವರ ಮನೆಯ ಹಳೆಯ ನಾಣ್ಯಗಳನ್ನು ತೆಗೆದು, ಹುಣಸೆಹಣ್ಣು ಉಪ್ಪು ಹಚ್ಚಿ, ಬೂದಿಯಿಂದ ತಿಕ್ಕಿ ಫಳಫಳ ಮಾಡುವ ಮನೆಗಳು ನಮ್ಮ ಬಡಾವಣೆಗಳಲ್ಲಿ ಬೇಕಾದಷ್ಟಿವೆ. ಭಕ್ತಿ ಸರಿ. ಆದರೆ ನೂರಾರು ವರ್ಷ ಗಾಳಿ ಮಣ್ಣುಗಳ ಸಂಗದಿಂದ ತಾಮ್ರದ ಮೇಲೆ ಕಟ್ಟಿಕೊಂಡ ಕಂದುಹಸಿರು ಪೊರೆಯೇ ಆ ನಾಣ್ಯದ ಚರ್ಮ. ಹುಣಸೆಯ ಹುಳಿ ಆ ಪೊರೆಯನ್ನು ತಿನ್ನುತ್ತದೆ. ಬೂದಿಯ ಹರಳು ಅಕ್ಷರದ ಏಣುಗಳನ್ನು ಸವೆಸುತ್ತದೆ. ಹತ್ತು ಹಬ್ಬ ಕಳೆದರೆ ಆನೆಯ ಸೊಂಡಿಲು ಹೋಗುತ್ತದೆ, ಇಪ್ಪತ್ತು ಹಬ್ಬಕ್ಕೆ ಆನೆಯೇ ಹೋಗುತ್ತದೆ. ಬರಿಯ ನೀರಿನಲ್ಲಿ ಅದ್ದಿ, ಮೃದುವಾದ ಬಟ್ಟೆಯಲ್ಲಿ ಒತ್ತಿ ಒಣಗಿಸಿ ಪೂಜೆಗಿಟ್ಟರೆ ಲಕ್ಷ್ಮಿಗೆ ಏನೂ ಮುನಿಸಾಗದು.

ಮೂರನೆಯದು ಎಲ್ಲಕ್ಕಿಂತ ದೊಡ್ಡ ನಷ್ಟ. ಅದು ಲೋಹಕ್ಕೆ ಆಗುವುದಲ್ಲ, ಸುದ್ದಿಗೆ ಆಗುವುದು. ೧೮೯೧ರಲ್ಲಿ ನಮ್ಮ ಯಶವಂತಪುರದಲ್ಲಿ ಭೂಮಿ ಅಗೆಯುವಾಗ ಮಡಕೆಯೊಂದರಲ್ಲಿ ೧೬೩ ರೋಮನ್ ಬೆಳ್ಳಿ ನಾಣ್ಯಗಳು ದೊರೆತವು. ಅಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಚಕ್ರವರ್ತಿಗಳ ಕಾಲದವು. ಬೆಂಗಳೂರೆಂಬ ಊರು ಹುಟ್ಟುವುದಕ್ಕೆ ಎಷ್ಟೋ ಶತಮಾನಗಳ ಹಿಂದೆ ಈ ನೆಲದ ಮೇಲೆ ರೋಮಿನ ಬೆಳ್ಳಿ ಓಡಾಡಿತ್ತು ಎಂದು ನಾವು ಇಂದು ಧೈರ್ಯದಿಂದ ಹೇಳುತ್ತೇವಲ್ಲ, ಅದಕ್ಕೆ ಕಾರಣ ಆ ನಾಣ್ಯಗಳು ಒಟ್ಟಿಗೆ, ಇಂಥ ಕಡೆ, ಇಂಥ ವರ್ಷ ಸಿಕ್ಕವೆಂದು ಬರೆದಿಟ್ಟದ್ದು. ಅದೇ ೧೬೩ ನಾಣ್ಯಗಳು ಒಂದೊಂದಾಗಿ ನೂರಾ ಅರವತ್ತಮೂರು ಕೈ ಸೇರಿದ್ದರೆ? ಒಂದೊಂದೂ ರೋಮಿನ ನಾಣ್ಯವಾಗಿಯೇ ಉಳಿಯುತ್ತಿತ್ತು, ಯಶವಂತಪುರದ ನಾಣ್ಯವಾಗಿ ಒಂದೂ ಉಳಿಯುತ್ತಿರಲಿಲ್ಲ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂದು ೧೮೭೮ರ ಕಾಯಿದೆ ಹೇಳಿತು. ನಮ್ಮ ರಾಜ್ಯಕ್ಕೆ ೧೯೬೨ರಲ್ಲಿ ಬೇರೆ ಕಾಯಿದೆ ಬಂತು. ನೂರು ವರ್ಷ ಮೀರಿದ ನಾಣ್ಯವನ್ನು ಹೊರದೇಶಕ್ಕೆ ಸಾಗಿಸಕೂಡದೆಂದು ೧೯೭೨ರ ಪ್ರಾಚ್ಯವಸ್ತು ಕಾಯಿದೆ ತಡೆದಿದೆ. ಸಂಗ್ರಾಹಕನಾದವನು ಈ ಮೂರನ್ನೂ ತಿಳಿದಿರಬೇಕು. ತಿಳಿದೂ ತಿಳಿಯದಂತೆ ಇರುವವರ ಸಂಖ್ಯೆ ಸಣ್ಣದಲ್ಲ.

ಈ ಕಾರಣದಿಂದಲೇ ನಾನು ಛಾಯಾಚಿತ್ರದ ಪಕ್ಷಪಾತಿ. ವಿಶ್ರಾಂತಿವೇತನದಲ್ಲಿ ಹೊಯ್ಸಳ ಗದ್ಯಾಣ ಕೊಳ್ಳುವುದು ಕನಸಿನ ಮಾತು; ಆದರೆ ಬೇರೆಯವರ ಗದ್ಯಾಣದ ಚಿತ್ರ ತೆಗೆಯಲು ಯಾರೂ ದುಡ್ಡು ಕೇಳುವುದಿಲ್ಲ. ಶಾಸನಶಾಸ್ತ್ರಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆಯುತ್ತಾರಷ್ಟೆ. ಕಲ್ಲು ಹೊಲದಲ್ಲೇ ಇರುತ್ತದೆ, ಮಾತು ಮನೆಗೆ ಬರುತ್ತದೆ. ನಾಣ್ಯಕ್ಕೂ ಹಿಂದೆ ಪೆನ್ಸಿಲಿನಿಂದ ಕಾಗದದ ಮೇಲೆ ಉಜ್ಜಿ ಅಚ್ಚು ತೆಗೆಯುತ್ತಿದ್ದರು, ಇಲ್ಲವೆ ಗಾರೆಯಲ್ಲಿ ಪಡಿಯಚ್ಚು ಎತ್ತುತ್ತಿದ್ದರು. ಈಗ ಮೊಮ್ಮಕ್ಕಳ ಕೈಯ ಫೋನು ಸಾಕು. ಆದರೆ ಕೆಲವು ವಿವರ ತಿಳಿದಿರಬೇಕು. ಫ್ಲ್ಯಾಷ್ ಬೆಳಕು ನೇರವಾಗಿ ಬಡಿದು ಅಕ್ಷರವನ್ನೆಲ್ಲ ಚಪ್ಪಟೆ ಮಾಡುತ್ತದೆ. ಅದು ಬೇಡವೇ ಬೇಡ. ಬೆಳಗಿನ ಕಿಟಕಿಯ ಬೆಳಕು ಓರೆಯಾಗಿ, ಚಿತ್ರದ ಮೇಲುಭಾಗದ ಎಡಮೂಲೆಯಿಂದ ಬೀಳಬೇಕು. ಕೆಳಗಿನಿಂದ ಬಂದರೆ ಕಣ್ಣು ಮೋಸಹೋಗುತ್ತದೆ: ಬೆಳಕು ಮೇಲಿನಿಂದಲೇ ಬರುವುದೆಂದು ನಂಬಿದ ಮನಸ್ಸಿಗೆ ಉಬ್ಬಿದ ಅಕ್ಷರ ಕೊರೆದ ಹಳ್ಳವಾಗಿ ಕಾಣುತ್ತದೆ. ಸವಕಲು ತಾಮ್ರಕ್ಕೆ ಬೆಳಕು ನೆಲಮಟ್ಟದಿಂದ ಸವರಿಕೊಂಡು ಹೋಗುವಂತಿರಬೇಕು; ಹೊಳೆಯುವ ಬೆಳ್ಳಿಗೆ ನಡುವೆ ಬೆಣ್ಣೆಕಾಗದದ ಪರದೆ ಹಿಡಿಯಬೇಕು. ಎರಡು ದಪ್ಪ ಪುಸ್ತಕಗಳ ಮೇಲೆ ಗಾಜು ಹಾಸಿ, ಗಾಜಿನ ಮೇಲೆ ನಾಣ್ಯ, ಕೆಳಗೆ ಬಣ್ಣದ ಕಾಗದ ಇಟ್ಟರೆ ನೆರಳಿನ ಕಾಟವಿಲ್ಲ. (ನನ್ನ ಮನೆಯಲ್ಲಿ ಆ ಕೆಲಸವನ್ನು ಎರಡು ನಿಘಂಟುಗಳು ನಿರ್ವಹಿಸುತ್ತಿವೆ.) ಕ್ಯಾಮೆರಾ ಓರೆಯಾದರೆ ದುಂಡನೆಯ ನಾಣ್ಯ ಮೊಟ್ಟೆಯಾಗುತ್ತದೆ, ನಾಣ್ಯವಿಡುವ ಜಾಗದಲ್ಲಿ ಪುಟ್ಟ ಕನ್ನಡಿಯಿಟ್ಟು, ಮಸೂರ ತನ್ನ ಬಿಂಬವನ್ನು ನಟ್ಟನಡುವೆ ಕಾಣುವಂತೆ ಮಾಡಿಕೊಂಡರೆ ಆ ದೋಷವೂ ತಪ್ಪುತ್ತದೆ.

ಎರಡು ಮುಖಗಳ ಚಿತ್ರ, ಪಕ್ಕದಲ್ಲಿ ಅಳತೆಪಟ್ಟಿ, ತೂಕ, ವ್ಯಾಸ, ಲೋಹ. ಇವುಗಳ ಜತೆಗೆ ಎಲ್ಲಿ ಸಿಕ್ಕಿತು, ಯಾರ ಮನೆಯಲ್ಲಿತ್ತು ಎಂಬ ಒಂದು ಸಾಲು. ಬಹಳ ಮಂದಿ ಬಿಡುವುದು ಈ ಕೊನೆಯ ಸಾಲನ್ನೇ. ಆ ಸಾಲಿಲ್ಲದ ಚಿತ್ರ ಅಂದವಾದ ಚಿತ್ರ ಮಾತ್ರ.

ಕೊಡುಕೊಳ್ಳುವಿಕೆಯ ಮಾತನ್ನು ಬಿಟ್ಟರೆ ಈ ಹವ್ಯಾಸದ ವಿವರಣೆ ಅರ್ಧವಾಗುತ್ತದೆ. ಒಂದೇ ಬಗೆಯ ಎರಡು ನಾಣ್ಯವಿದ್ದವನು ಒಂದನ್ನು ಕೊಟ್ಟು ತನ್ನಲ್ಲಿಲ್ಲದ್ದನ್ನು ಪಡೆಯುವುದು ಇದರ ಅತ್ಯಂತ ಸುಖದ ಭಾಗ. ಅವೆನ್ಯೂ ರಸ್ತೆ ಚಿಕ್ಕಪೇಟೆಗಳ ಸುತ್ತಿನ ಭಾನುವಾರದ ಬೀದಿವ್ಯಾಪಾರದಲ್ಲಿ ನಡೆಯುವ ಚೌಕಾಸಿಯೂ ಒಂದು ರಸವೇ. ಕಾಸಿಗೆ ತಕ್ಕ ಕಜ್ಜಾಯ ಎಂಬ ಗಾದೆ ಅಲ್ಲಿ ಅಕ್ಷರಶಃ ನಿಜ. ಆದರೆ ಅದೇ ಬೀದಿಯಲ್ಲಿ ಮೋಸವೂ ಚಾಪೆ ಹಾಸಿ ಕುಳಿತಿರುತ್ತದೆ. ರಾಮಪಟ್ಟಾಭಿಷೇಕದ ಚಿತ್ರವಿರುವ ರಾಮಟಂಕಗಳು ನಮ್ಮಲ್ಲಿ ಹಿಂದಿನಿಂದ ಪೂಜೆಯ ಬಿಲ್ಲೆಗಳಾಗಿ ಇದ್ದವು. ಅವಕ್ಕೊಂದು ಗೌರವದ ಸ್ಥಾನವುಂಟು. ಇವುಗಳ ನಕಲಿಗೆ 'ಈಸ್ಟ್ ಇಂಡಿಯಾ ಕಂಪನಿ ೧೮೧೮' ಎಂದು, ಇನ್ನೂ ಧೈರ್ಯವಿದ್ದರೆ ೧೬೧೬ ಎಂದು ಇಸವಿ ಹಾಕಿ, ಒಂದು ಬದಿಗೆ ರಾಮನನ್ನೋ ಹನುಮಂತನನ್ನೋ ನಿಲ್ಲಿಸಿ ಮಾರುತ್ತಾರೆ. ಕಂಪನಿ ಮದರಾಸಿನಲ್ಲಿ ವಿಷ್ಣುವಿನ ಚಿತ್ರವಿದ್ದ ವರಹಗಳನ್ನು ಅಚ್ಚು ಹಾಕಿಸಿದ್ದು ನಿಜ. ರಾಮಾಯಣದ ಚಿತ್ರವಿರುವ ಆಣೆಯನ್ನು ಅದು ಎಂದೂ ಹೊರಡಿಸಲಿಲ್ಲ. ಈ ಬಿಲ್ಲೆ ಅಕ್ಕಿಯ ಕಾಳನ್ನು ಸೆಳೆಯುತ್ತದೆ, ಇದರಲ್ಲಿ ಇರಿಡಿಯಮ್ ಇದೆ, ಕೋಟಿಗೆ ಮಾರಬಹುದು ಎಂದು ನಂಬಿಸಿ ಮನೆಮಠ ಮಾರಿಸಿದ ಪ್ರಕರಣಗಳು ನಮ್ಮ ಜಿಲ್ಲೆಗಳ ಪೊಲೀಸ್ ಠಾಣೆಗಳಲ್ಲಿ ದಾಖಲಾಗಿವೆ. ಈಚೆಗೆ ಈ ವ್ಯವಹಾರ ಫೋನಿಗೆ ಬಂದಿದೆ. ಹಳೆಯ ಐದು ರೂಪಾಯಿಗೆ ಲಕ್ಷಾಂತರ ಕೊಡುವುದಾಗಿ ಒಬ್ಬ ಹೇಳುತ್ತಾನೆ. ಮೊದಲು ನೋಂದಣಿ ಶುಲ್ಕ ಕಳುಹಿಸಿ ಎನ್ನುತ್ತಾನೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಎಳೆದು ತರುತ್ತಾನೆ. ತಾನು ಇಂಥ ವ್ಯವಹಾರದಲ್ಲಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕು ೨೦೨೧ರ ಆಗಸ್ಟಿನಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ಕೊಳ್ಳುವವನು ಮಾರುವವನಿಂದ ಮುಂಗಡ ಕೇಳುವ ವ್ಯಾಪಾರ ಯಾವ ಸಂತೆಯಲ್ಲಿಯೂ ಇಲ್ಲ.

ಕೊನೆಯದಾಗಿ ಬಿಲ್ಲೆಗಳ ವಿಚಾರ. ಇವುಗಳಿಗೆ ನಾಣ್ಯದ ಕುಲೀನತೆಯಿಲ್ಲ, ಪದಕದ ಹೆಮ್ಮೆಯಿಲ್ಲ. ಹಾಗಾಗಿ ಸಂಗ್ರಾಹಕರೂ ಬಹುಕಾಲ ಇವನ್ನು ಕಡೆಗಣಿಸಿದರು. ಜವಾನನ ಡವಾಲಿಯ ಹಿತ್ತಾಳೆ ಬಿಲ್ಲೆ, ಕೂಲಿಯ ತೋಳಿನ ಬಿಲ್ಲೆ, ಸೈಕಲ್ಲಿಗೆ ತೆರಿಗೆ ಕಟ್ಟಿದ್ದಕ್ಕೆ ನಗರಸಭೆ ಕೊಡುತ್ತಿದ್ದ ಬಿಲ್ಲೆ, ಇವೆಲ್ಲ ಒಂದು ಕಾಲದ ನಿತ್ಯಜೀವನದ ರಸೀತಿಗಳು. ನಮ್ಮ ಮೆಟ್ರೊ ರೈಲು ೨೦೧೧ನೆಯ ಅಕ್ಟೋಬರಿನಲ್ಲಿ ಓಡತೊಡಗಿದಾಗ ಪ್ಲಾಸ್ಟಿಕ್ಕಿನ ಬಿಲ್ಲೆ ಬಂದಿತು. ಅದನ್ನು ಹೊರಬಾಗಿಲಿನ ಯಂತ್ರದ ಬಾಯಿಗೆ ಹಾಕದೆ ಹೊರಬರುವಂತಿಲ್ಲವಾದ್ದರಿಂದ ಸಂಗ್ರಾಹಕನಿಗೆ ಅದು ಧರ್ಮಸಂಕಟದ ವಸ್ತು.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದದ್ದು ಬ್ಯಾಂಕಿನ ಬಿಲ್ಲೆ. ಐವತ್ತು ದಾಟಿದ ಯಾರಿಗಾದರೂ ಅದು ನೆನಪಿರಬೇಕು. ಚೆಕ್ಕನ್ನು ಕೊಟ್ಟರೆ ಗುಮಾಸ್ತೆ ಅಂಗೈಯಗಲದ ಹಿತ್ತಾಳೆಯ ಬಿಲ್ಲೆಯನ್ನು ಕೊಡುತ್ತಿದ್ದರು. ಚೆಕ್ಕು ಲೆಡ್ಜರಿನಿಂದ ಅಧಿಕಾರಿಯ ಮೇಜಿಗೆ, ಅಲ್ಲಿಂದ ಪಂಜರದೊಳಗಿನ ಕ್ಯಾಷಿಯರರ ಬಳಿಗೆ ಪ್ರಯಾಣ ಮಾಡುವವರೆಗೆ ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಂಚಿನ ಮೇಲೆ ಕಾಯಬೇಕು. ಅಂಕಿ ಕೂಗಿದಾಗ ಬೆಚ್ಚಗಾದ ಬಿಲ್ಲೆಯನ್ನು ಒಪ್ಪಿಸಿ ಸಂಬಳವನ್ನೋ ಸಾಲವನ್ನೋ ಪಡೆಯಬೇಕು. ಎಷ್ಟು ಕೈಗಳ ಬೆವರು ಆ ಹಿತ್ತಾಳೆಯನ್ನು ನುಣುಪು ಮಾಡಿತ್ತೋ! ಯಂತ್ರಗಳು ಬಂದವು, ಬಿಲ್ಲೆಗಳು ಮೂಲೆ ಸೇರಿದವು. ಆಮೇಲೆ ಬ್ಯಾಂಕುಗಳೇ ಹೋದವು. ೧೯೧೩ರಲ್ಲಿ ಮೈಸೂರು ಬ್ಯಾಂಕೆಂದು ಆರಂಭವಾದ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ೨೦೧೭ನೆಯ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು. ೧೯೩೧ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕು ೨೦೧೯ರ ಅದೇ ದಿನ ಬರೋಡಾ ಬ್ಯಾಂಕಿಗೆ ಸೇರಿತು. ಉಡುಪಿಯಲ್ಲಿ ೧೯೦೬ರಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕು, ೧೯೨೫ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ೨೦೨೦ರ ಏಪ್ರಿಲ್ ೧ರಂದು ಒಂದು ಯೂನಿಯನ್ ಬ್ಯಾಂಕಿಗೂ ಇನ್ನೊಂದು ಕೆನರಾ ಬ್ಯಾಂಕಿಗೂ ಹೋದವು. ಮೂರು ವರ್ಷಗಳಲ್ಲಿ ನಾಲ್ಕು ಕನ್ನಡನಾಡಿನ ಹೆಸರುಗಳು ಫಲಕಗಳಿಂದ ಇಳಿದವು.

ನಾನಿರುವ ಮಾವಳ್ಳಿಯ ಅಡ್ಡರಸ್ತೆಗಳಲ್ಲಿ ಗುಜರಿ ಅಂಗಡಿಗಳುಂಟು. ಅಂಥ ಒಂದು ಅಂಗಡಿಯಲ್ಲಿ ಸೌಟು, ಕೊಳಾಯಿಯ ತಿರುಪು, ಮುರಿದ ದೀಪದ ಕಂಬಗಳ ನಡುವೆ ಬ್ಯಾಂಕಿನ ಬಿಲ್ಲೆಗಳ ಚೀಲವೊಂದನ್ನು ಕಂಡೆ. ಯಾವ ಬ್ಯಾಂಕೆಂದು ಹೇಳುವುದು ಬೇಡ. ಅಂಗಡಿಯ ಸಾಬರು ಒಳ್ಳೆಯವರು. "ಏನು ಮೇಷ್ಟ್ರೇ, ಇದರಲ್ಲೇನಿದೆ? ಹಿತ್ತಾಳೆ ರೇಟೇ ಕೊಡಿ, ಜಾಸ್ತಿ ಬೇಡ" ಎಂದರು. ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡೆ. ಅರ್ಧ ಚೀಲ ಆಗಲೇ ಕರಗಲು ಹೋಗಿತ್ತು. ಉಳಿದವನ್ನು ಮನೆಗೆ ತಂದು ಅಂಕಿಯ ಕ್ರಮದಲ್ಲಿ ಜೋಡಿಸಿದೆ. ೧ರಿಂದ ೧೦೦ರವರೆಗಿನ ಸಾಲಿನಲ್ಲಿ ನಲವತ್ತೊಂದು ಇವೆ, ಮಿಕ್ಕವು ಇಲ್ಲ. ೧೭ನೆಯದರ ಅಂಚಿನಲ್ಲಿ ಯಾರೋ ಕಾಯುತ್ತ ಕುಳಿತಲ್ಲಿ ಉಗುರಿನಿಂದಲೋ ಮೊಳೆಯಿಂದಲೋ ಗೀರಿದ ಗುರುತಿದೆ. ಅದು ಅಕ್ಷರವೇ ಇರಬೇಕು. ಓರೆ ಬೆಳಕಿನಲ್ಲಿ ಕಕಾರದಂತೆ ಕಾಣುತ್ತದೆ. ನಲವತ್ತೊಂದರ ಚಿತ್ರಗಳನ್ನೂ ಎರಡೂ ಮುಖ ತೆಗೆದು, ತೂಕ ಬರೆದು, 'ಮಾವಳ್ಳಿ, ಗುಜರಿ ಅಂಗಡಿ, ಹಿತ್ತಾಳೆಯ ಬೆಲೆಗೆ' ಎಂದು ಕೆಳಗೆ ನಮೂದಿಸಿದ್ದೇನೆ. ಕೇಳುಗರಲ್ಲಿ ಯಾರಾದರೂ ಬ್ಯಾಂಕಿನಲ್ಲಿ ದುಡಿದವರಿದ್ದು, ನಿಮ್ಮ ಶಾಖೆಯಲ್ಲಿ ಬಿಲ್ಲೆಯ ಅಂಕಿಗಳನ್ನು ಹೇಗೆ ಹಂಚುತ್ತಿದ್ದರು, ಕಳೆದುಹೋದದ್ದಕ್ಕೆ ಬದಲಿಯನ್ನು ಎಲ್ಲಿ ಮಾಡಿಸುತ್ತಿದ್ದರು ಎಂಬುದು ನೆನಪಿದ್ದರೆ, ಒಂದು ಹಾಳೆಯಲ್ಲಿ ಬರೆದಿಡಿ. ಆ ವಿವರ ಹಿತ್ತಾಳೆಯ ಮೇಲೆ ಎಲ್ಲಿಯೂ ಇಲ್ಲ.